ಮಳೆ ಹೇಳಿದ ಮಾತು ಕೇಳದ ಕಾಲಕ್ಕೆ: ಖುಷ್ಕಿ ಹೊಲದ ಮನೆ ಕದಲದೆ ನಿಲ್ಲಲು ಹಂತ ಹಂತದ ಮಾರ್ಗದರ್ಶಿ

2021ರ ನವೆಂಬರ್‌ನಲ್ಲಿ ನಮ್ಮ ಹೊಲದಲ್ಲಿ ಕೊಯ್ದು ಹಾಸಿದ್ದ ರಾಗಿ ತೆನೆಗಳ ಮೇಲೆ ದಿನಗಟ್ಟಲೆ ಮಳೆ ಸುರಿಯಿತು. ಮಳೆ ಬಿಟ್ಟ ಮೇಲೆ ಹೋಗಿ ಒಂದು ತೆನೆ ಎತ್ತಿ ನೋಡಿದೆ. ಕಾಳಿನ ಸಂದಿಯಿಂದ ಸಣ್ಣ ಸಣ್ಣ ಹಸಿರು ಮೊಳಕೆ ಬಂದಿತ್ತು. ಅದಾಗಿ ಎರಡೇ ವರ್ಷಕ್ಕೆ, 2023ರಲ್ಲಿ, ಬಿತ್ತನೆಗೇ ಮಳೆ ಇಲ್ಲ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತ ಅಂತ ಘೋಷಿಸಿತು.

ನಮ್ಮ ಕಡೆ ಹಿರಿಯರಿಗೆ ನಕ್ಷತ್ರದ ಹೆಸರಿನ ಮಳೆ ಲೆಕ್ಕ ಬಾಯಿಪಾಠ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು. ಆ ಲೆಕ್ಕ ಸುಳ್ಳಾಯಿತು ಅಂತ ನಾನು ಹೇಳುವುದಿಲ್ಲ. ಆದರೆ ಅದೊಂದನ್ನೇ ನಂಬಿ ಬಿತ್ತುವ ಕಾಲ ಹೋಯಿತು. ಈಗ ರೋಹಿಣಿ ಒಣಗಿ, ಆರಿದ್ರಾ ಕೈಕೊಟ್ಟು, ಸ್ವಾತಿಯಲ್ಲಿ ಕೆರೆ ಕೋಡಿ ಬೀಳುವ ವರ್ಷವೂ ಬರುತ್ತದೆ.

ಇದನ್ನು ಬರೆಯುತ್ತಿರುವುದು ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ರಾಮನಗರ, ಅರಸೀಕೆರೆ ಕಡೆಯ ಎರಡರಿಂದ ಐದು ಎಕರೆ ಖುಷ್ಕಿ (ಮಳೆಯನ್ನೇ ನಂಬಿದ) ಜಮೀನಿನ ಮನೆಗಳಿಗೆ. ಊರಲ್ಲಿ ಅಪ್ಪ ಅಮ್ಮನನ್ನು ಬಿಟ್ಟು ಬೆಂಗಳೂರಿನಲ್ಲಿ ಕೆಲಸ ಮಾಡುವವರೂ ಓದಬೇಕು. ಎಷ್ಟೋ ಮನೆಯಲ್ಲಿ ಬಿತ್ತನೆ ತೀರ್ಮಾನ ಈಗ ಫೋನಿನಲ್ಲೇ ಆಗುತ್ತದೆ.

ಮಳೆ ಹೇಗೆ ಬರುತ್ತದೋ ನಮಗೆ ಗೊತ್ತಿಲ್ಲ. ಹಾಗಾಗಿ ಹೇಗೆ ಬಂದರೆ ಏನು ಮಾಡುವುದು ಅನ್ನುವುದನ್ನು ಮಳೆಗೆ ಮುಂಚೆಯೇ ತೀರ್ಮಾನಿಸಿಡಬೇಕು. ಯಾವುದೇ ಒಂದು ಮಳೆಯ ಮೇಲೆ ಮನೆಯ ಪೂರ್ತಿ ಭಾರ ಹಾಕಬಾರದು. ಕೆಳಗಿನ ಹಂತಗಳೆಲ್ಲ ಇದಕ್ಕಾಗಿಯೇ ಇವೆ.

ಹಂತ 1: ಯುಗಾದಿ ಹೊತ್ತಿಗೆ ಮನೆಯ ಲೆಕ್ಕ ಬರೆಯಿರಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮನೆಯವರೆಲ್ಲ ಕೂತು ಬರೆಯಿರಿ. ಒಬ್ಬರೇ ತಲೆಯಲ್ಲಿ ಇಟ್ಟುಕೊಂಡ ಲೆಕ್ಕ ಗಾಬರಿಯಲ್ಲಿ ಮರೆತುಹೋಗುತ್ತದೆ.

ಮೊದಲು ಊಟ. ದಿನಕ್ಕೆ ಒಂದೂವರೆ ಕೆಜಿ ರಾಗಿ ಹಿಟ್ಟು ಖರ್ಚಾಗುವ ಮನೆಗೆ ವರ್ಷಕ್ಕೆ ಸುಮಾರು ಐದೂವರೆ ಕ್ವಿಂಟಲ್ ಬೇಕು. ಈಗ ಮನೆಯಲ್ಲಿ ಎಷ್ಟಿದೆ? ನನ್ನ ಅಭಿಪ್ರಾಯ ಖಡಾಖಂಡಿತ: ಮುಂದಿನ ಬೆಳೆ ಕಣಕ್ಕೆ ಬರುವವರೆಗೆ ಸಾಲುವಷ್ಟು, ಅದರ ಮೇಲೆ ಇನ್ನೂ ಒಂದು ವರ್ಷದ್ದು ಮನೆಯಲ್ಲಿರಬೇಕು. ಅದಕ್ಕಿಂತ ಮೇಲಿನದ್ದನ್ನು ಮಾತ್ರ ಮಾರಿ. ರಾಗಿ ಕಾಳು ಚಿಕ್ಕದು, ಗಟ್ಟಿ. ಚೆನ್ನಾಗಿ ಒಣಗಿಸಿಟ್ಟರೆ ಹುಳ ಅಷ್ಟು ಬೇಗ ಮುಟ್ಟುವುದಿಲ್ಲ. ಹಿಂದೆ ಹಗೇವು ತೋಡಿ ನೆಲದೊಳಗೆ ವರ್ಷಗಟ್ಟಲೆ ಇಡುತ್ತಿದ್ದರಲ್ಲ, ಅದು ಬರಗಾಲದ ಬ್ಯಾಂಕು. ಇವತ್ತು ಹಗೇವು ತೋಡಬೇಕಿಲ್ಲ. ತಗಡಿನ ಡ್ರಮ್ಮು ಸಾಕು.

ಆಮೇಲೆ ಮೇವು. ಒಂದು ಸೀಮೆಹಸುವಿಗೆ ದಿನಕ್ಕೆ ಐದಾರು ಕೆಜಿ ಒಣಹುಲ್ಲು ಅಂದರೂ ವರ್ಷಕ್ಕೆ ಎರಡು ಟನ್. ಮೆದೆಯಲ್ಲಿ ಅಷ್ಟು ಇದೆಯಾ? ಇಲ್ಲ ಅಂದರೆ ಹುಲ್ಲು ಅಗ್ಗ ಇರುವಾಗಲೇ ತನ್ನಿ. ಬರ ಬಂತು ಅಂತ ಗೊತ್ತಾದ ದಿನವೇ ಹುಲ್ಲಿನ ಬೆಲೆ ಏರುತ್ತದೆ, ಹಸುವಿನ ಬೆಲೆ ಇಳಿಯುತ್ತದೆ. ಆಗ ಮಾರಿದ ಹಸುವನ್ನು ಮತ್ತೆ ಕೊಳ್ಳಲು ವರ್ಷಗಳೇ ಬೇಕು.

ಮೂರನೆಯದು ಸಾಲ. ಯಾರಿಗೆ ಎಷ್ಟು, ಬಡ್ಡಿ ಎಷ್ಟು, ಯಾವತ್ತು ಕಟ್ಟಬೇಕು. ಕೈಸಾಲವನ್ನೂ ಬಿಡದೆ ಬರೆಯಿರಿ. ಚೀಟಿ ಕಟ್ಟುತ್ತಿದ್ದರೆ ಅದನ್ನೂ ಬರೆಯಿರಿ.

ಹಂತ 2: ಬಿದ್ದ ನೀರು ಹೊಲ ಬಿಟ್ಟು ಹೋಗದಂತೆ ಮಾಡಿ

ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. 25 ಮಿಲಿಮೀಟರ್ ಬಿದ್ದರೆ ಒಂದು ಲಕ್ಷ ಲೀಟರ್! ಒಂದೇ ಸಂಜೆಯ ಜೋರು ಮಳೆಯಲ್ಲಿ ಇಷ್ಟು ನೀರು ನಮ್ಮ ಹೊಲಕ್ಕೆ ಬಂದು, ಮೇಲ್ಮಣ್ಣನ್ನೂ ಕರೆದುಕೊಂಡು ಹಳ್ಳಕ್ಕೆ ಹೋಗುತ್ತದೆ. ವರ್ಷದ ಮಳೆ ಕಮ್ಮಿಯಾಗದಿದ್ದರೂ ಬೆಳೆ ಒಣಗುವುದು ಇದಕ್ಕೇ. ಬೀಳುವ ದಿನಗಳು ಕಮ್ಮಿ, ಬಿದ್ದಾಗ ಜಾಸ್ತಿ.

ಕೊಯ್ಲಾದ ಮೇಲೆ ನೆಲದಲ್ಲಿ ಹಸಿ ಇರುವಾಗಲೇ ಮಾಗಿ ಉಳುಮೆ ಮಾಡಿಸಿ. ಉಳುಮೆ ಇಳಿಜಾರಿಗೆ ಅಡ್ಡ ಇರಲಿ. ಟ್ರ್ಯಾಕ್ಟರ್‌ನವರು ಬೇಗ ಮುಗಿಯಲಿ ಅಂತ ಉದ್ದುದ್ದ ಹೊಡೆದುಬಿಡುತ್ತಾರೆ. ಪಕ್ಕದಲ್ಲಿ ನಿಂತು ಹೇಳಿ. ಒಡೆದ ಬದುಗಳನ್ನು ಮೇ ತಿಂಗಳೊಳಗೆ ಸರಿ ಮಾಡಿ.

ಕೃಷಿ ಹೊಂಡದ ಬಗ್ಗೆ ಸರಿಯಾದ ಲೆಕ್ಕ ಇಟ್ಟುಕೊಳ್ಳಿ. ಮೇಲೆ 12 ಮೀಟರ್ ಚೌಕ, ತಳದಲ್ಲಿ 6 ಮೀಟರ್ ಚೌಕ, 3 ಮೀಟರ್ ಆಳ ಇರುವ ಹೊಂಡ ತುಂಬಿದರೆ ಎರಡೂವರೆ ಲಕ್ಷ ಲೀಟರ್ ನೀರು. ಇಂಗಿ, ಆವಿಯಾಗಿ ಉಳಿದದ್ದರಲ್ಲಿ ಎರಡು ಎಕರೆಗೆ ಒಂದು ತೇವ ಕೊಡಬಹುದು. ಅಷ್ಟೇ. ತೆನೆ ಬರುವ ಹೊತ್ತಿಗೆ ಆ ಒಂದು ತೇವ ಸಿಕ್ಕಿದ ಹೊಲಕ್ಕೂ ಸಿಗದ ಹೊಲಕ್ಕೂ ಎಷ್ಟು ವ್ಯತ್ಯಾಸ ಅಂತ ನೋಡಿದವರಿಗೆ ಗೊತ್ತು. ಹೊಂಡ ನಂಬಿ ಟೊಮೆಟೊ ಹಾಕಲು ಮಾತ್ರ ಹೋಗಬೇಡಿ. ಸಹಾಯಧನ ಈ ವರ್ಷ ಇದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಹೊಂಡದ ಸುತ್ತ ಬೇಲಿ ಹಾಕದೆ ಬಿಡಬೇಡಿ, ಮಕ್ಕಳಿರುವ ಊರು.

ಹಂತ 3: ಮಳೆ ಬರುವ ಮುಂಚೆಯೇ ತಾರೀಖು ಹಾಕಿ ತೀರ್ಮಾನ ಬರೆದಿಡಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಜುಲೈ ಕೊನೆಯಲ್ಲಿ ಮಳೆ ಇಲ್ಲದೆ ಕೂತಾಗ ಮನಸ್ಸು ನೆಟ್ಟಗಿರುವುದಿಲ್ಲ. ಪಕ್ಕದ ಹೊಲದವರು ಬಿತ್ತಿದರು ಅಂತ ನಾವೂ ಬಿತ್ತುತ್ತೇವೆ. ಅಂಗಡಿಯವರು ಕೊಟ್ಟ ಬೀಜ ತರುತ್ತೇವೆ. ಹಾಗಾಗಿ ಈ ತೀರ್ಮಾನಗಳನ್ನು ಮೇ ತಿಂಗಳಲ್ಲಿ, ತಲೆ ತಣ್ಣಗಿರುವಾಗ ಬರೆದಿಡಬೇಕು. ನನ್ನ ನೋಟ್‌ಬುಕ್ಕಿನಲ್ಲಿ ಹೀಗಿದೆ. ನಿಮ್ಮ ಮಣ್ಣಿಗೆ ತಕ್ಕಂತೆ ಬದಲಾಯಿಸಿಕೊಳ್ಳಿ.

ಏಪ್ರಿಲ್ ಕೊನೆಯಿಂದ ಮೇ ವರೆಗೆ ಹದವಾದ ಮಳೆ ಬಂದರೆ ಒಂದು ಭಾಗಕ್ಕೆ ಎಳ್ಳು ಅಥವಾ ಅಲಸಂದೆ. ಬಂದರೆ ಲಾಭ, ಬರದಿದ್ದರೆ ಬೀಜದ ದುಡ್ಡು ಮಾತ್ರ ಹೋಯಿತು.

ಜೂನ್‌ನಲ್ಲಿ ಒಳ್ಳೆ ಹದ ಸಿಕ್ಕರೆ ತೊಗರಿ, ನೆಲಗಡಲೆ, ಮತ್ತು 120 ದಿನ ದಾಟುವ ದೀರ್ಘಾವಧಿ ರಾಗಿ. ಎಂಆರ್-6 ಅಂಥದ್ದು.

ಜುಲೈಗೆ ಹೋದರೆ ದೀರ್ಘಾವಧಿ ತಳಿ ಮರೆತುಬಿಡಿ. ಜಿಪಿಯು-28 ಅಥವಾ ಎಂಎಲ್-365 ಹಾಕಿ. ಇವು 110 ದಿನದ ಆಸುಪಾಸಿನವು.

ಆಗಸ್ಟ್ ಮೊದಲ ಎರಡು ವಾರ ಅಂದರೆ ಜಿಪಿಯು-48ರಂಥ ನೂರು ದಿನದೊಳಗಿನ ತಳಿ. ಇಲ್ಲವೇ ಎಲ್ಲಾದರೂ ಸ್ವಲ್ಪ ನೀರಿರುವ ಕಡೆ ಒಟ್ಲು (ಸಸಿಮಡಿ) ಹಾಕಿಟ್ಟುಕೊಂಡಿದ್ದು, ಮಳೆ ಬಂದ ದಿನ ನಾಟಿ ಮಾಡುವುದು. ಒಟ್ಲು ಹಾಕಿಟ್ಟರೆ ಹೊಲದಲ್ಲಿ ಮೂರು ವಾರ ಉಳಿತಾಯವಾಗುತ್ತದೆ. ತಡವಾದ ವರ್ಷಕ್ಕೆ ಇದಕ್ಕಿಂತ ಒಳ್ಳೆ ಉಪಾಯ ನನಗೆ ಗೊತ್ತಿಲ್ಲ.

ಮಘೆಯೂ ದಾಟಿ ಹುಬ್ಬೆ ಹೊತ್ತಿಗೆ, ಅಂದರೆ ಆಗಸ್ಟ್ ಮುಗಿಯುವಾಗ, ಮಳೆ ಬಂದರೆ ರಾಗಿ ಆಸೆ ಬಿಡಿ. ಹುರುಳಿ, ಹುಚ್ಚೆಳ್ಳು, ಮೇವಿನ ಜೋಳ. ಇಲ್ಲಿ ಒಂದು ಎಚ್ಚರಿಕೆ. ಮಳೆ ಇಲ್ಲದೆ ಬಾಡಿ ನಿಂತ ಎಳೆ ಜೋಳವನ್ನು ದನಕ್ಕೆ ಹಾಕಬೇಡಿ, ಮೇಯಲೂ ಬಿಡಬೇಡಿ. ಅದರಲ್ಲಿ ವಿಷದ ಅಂಶ ಇರುತ್ತದೆ, ಹಸು ನಿಂತಲ್ಲೇ ಬೀಳಬಹುದು. ಹೂವಾದ ಮೇಲೆ ಕೊಯ್ದು ಹಾಕಿ.

ಮೂರೂ ಅವಧಿಯ ರಾಗಿ ಬೀಜವನ್ನು ಮೇ ತಿಂಗಳಲ್ಲೇ ಮನೆಯಲ್ಲಿ ಇಟ್ಟುಕೊಳ್ಳಿ. ಎಕರೆಗೆ ನಾಲ್ಕೈದು ಕೆಜಿ ಸಾಕು, ದುಡ್ಡು ಜಾಸ್ತಿ ಆಗುವುದಿಲ್ಲ. ಮಳೆ ಬಂದ ದಿನ ಎಲ್ಲರೂ ಒಂದೇ ತಳಿಗೆ ಸಾಲು ನಿಲ್ಲುತ್ತಾರೆ. (ಹಳೆಯವರ ಬಾಯಲ್ಲಿ ಇನ್ನೂ ಇಂಡಾಫ್ ಅನ್ನುವ ಹೆಸರು ಇದೆ ನೋಡಿ. ಇಂಡಿಯಾದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ತೆಗೆದ ತಳಿಗಳು ಅವು. ತೆಗೆದವರು ರಾಗಿ ಬ್ರಹ್ಮ ಅಂತ ಹೆಸರಾದ ಲಕ್ಷ್ಮಣಯ್ಯನವರು, ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ. ನಮ್ಮ ತಟ್ಟೆಯ ಮುದ್ದೆ ಅವರಿಗೆ ಋಣಿ.)

ಹದ ಆಯಿತೋ ಇಲ್ಲವೋ ಅನ್ನುವುದನ್ನು ಕಣ್ಣಿನಿಂದ ತೀರ್ಮಾನಿಸಬೇಡಿ. ಹೊಲದ ಮೂರ್ನಾಲ್ಕು ಕಡೆ ಗುದ್ದಲಿಯಲ್ಲಿ ಅಗೆದು ನೋಡಿ. ಒಂದು ಗೇಣಾದರೂ ತೇವ ಇಳಿದಿರಬೇಕು. ಮೇಲೆ ನಾಲ್ಕು ಬೆರಳು ನೆನೆದದ್ದಕ್ಕೆ ಬಿತ್ತಿದರೆ ಮೊಳಕೆ ಬಂದು ಸುಟ್ಟುಹೋಗುತ್ತದೆ.

ಹವಾಮಾನ ಕೇಳಲು ವರುಣ ಮಿತ್ರ ಸಹಾಯವಾಣಿ ಇದೆ: 92433 45433. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು. ಹೋಬಳಿ ಹೆಸರು ಹೇಳಿ ಮುಂದಿನ ಕೆಲವು ದಿನಗಳ ಮಳೆ ಬಗ್ಗೆ ಕೇಳಬಹುದು. ಮೇಘದೂತ್ ಆಪ್ ಕೂಡ ಇದೆ. ವಾಟ್ಸಾಪಿನಲ್ಲಿ ಬರುವ ‘ಚಂಡಮಾರುತ ಬರ್ತಾ ಇದೆ’ ವಿಡಿಯೋಗಳನ್ನು ನೋಡಿ ಬಿತ್ತನೆ ತೀರ್ಮಾನ ಮಾಡಬೇಡಿ.

ಹಂತ 4: ಅಕ್ಕಡಿ ಸಾಲು ಬಿಡಬೇಡಿ

ಅಕ್ಕಡಿ ಅಂದರೆ ಮುಖ್ಯ ಬೆಳೆಯ ನಡುವೆ ಹಾಕುವ ಬೇರೆ ಬೆಳೆಯ ಸಾಲು. ರಾಗಿ ಹೊಲದಲ್ಲಿ ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಇಲ್ಲವೇ ಎಂಟಕ್ಕೆ ಒಂದು ಸಾಲು ಅವರೆ. ಅಂಚಿಗೆ ನಾಲ್ಕು ಸಾಲು ಜೋಳ, ಅಲ್ಲಲ್ಲಿ ಸಾಸಿವೆ, ಹುಚ್ಚೆಳ್ಳು. ನಮ್ಮ ಅಜ್ಜಿ ಬಿತ್ತನೆ ದಿನ ಮಡಿಲಲ್ಲಿ ಅಕ್ಕಡಿ ಕಾಳು ಕಟ್ಟಿಕೊಂಡು ಕೂರಿಗೆ ಹಿಂದೆ ನಡೆಯುತ್ತಿದ್ದಳು. ಟ್ರ್ಯಾಕ್ಟರ್ ಬಂದ ಮೇಲೆ ಎಷ್ಟೋ ಮನೆಯಲ್ಲಿ ಇದು ನಿಂತೇ ಹೋಯಿತು. ಕೊಯ್ಲು ಮೆಷಿನ್‌ಗೆ ಅಡ್ಡ ಬರುತ್ತದೆ ಅಂತ. ನನಗೆ ಇದು ದೊಡ್ಡ ನಷ್ಟ ಅನ್ನಿಸುತ್ತದೆ.

ಕಾರಣ ಸುಲಭ. ರಾಗಿ ಬೇರು ಮೇಲೆ ಹರಡುತ್ತದೆ, ತೊಗರಿ ಬೇರು ಆಳಕ್ಕೆ ಇಳಿಯುತ್ತದೆ. ಸೆಪ್ಟೆಂಬರ್ ಒಣಗಿ ರಾಗಿ ಸೊರಗಿದರೂ ಅಕ್ಟೋಬರ್ ಮಳೆಗೆ ತೊಗರಿ, ಅವರೆ ಎದ್ದು ನಿಲ್ಲುತ್ತವೆ. 2021ರಲ್ಲಿ ನಮ್ಮ ರಾಗಿ ಮೊಳಕೆಯೊಡೆದು ಹಾಳಾದ ಹೊಲದಲ್ಲೇ ಆಮೇಲೆ ಅವರೆಕಾಯಿ ಬಿಡಿಸಿದೆವು. ರಾಗಿಯ ನಷ್ಟ ಅದರಿಂದ ತುಂಬಲಿಲ್ಲ. ಆದರೆ ಸಂಕ್ರಾಂತಿವರೆಗೆ ಸಂತೆ ಖರ್ಚು ನಡೆಯಿತು. ಮೆಷಿನ್ ಕೊಯ್ಲೇ ಬೇಕು ಅನ್ನುವವರು ಅಕ್ಕಡಿಯನ್ನು ಹೊಲದ ನಡುವೆ ಬಿಟ್ಟು ಅಂಚಿನ ಪಟ್ಟೆಗಳಲ್ಲಾದರೂ ಹಾಕಿ.

ಹೊಲದಾಚೆಗೂ ಇದೇ ಮಾತು. ಹಾಲಿನ ಡೈರಿ ದುಡ್ಡು ಒಂದು ಕಡೆ, ನಾಲ್ಕು ಕುರಿ ಇನ್ನೊಂದು ಕಡೆ, ಬದುವಿನ ಹುಣಸೆ, ಹೊಂಗೆ ಮತ್ತೊಂದು ಕಡೆ. ಮಳೆ ಕೈಕೊಟ್ಟರೂ ಇವೆಲ್ಲ ಒಂದೇ ಸಲ ಕೈಕೊಡುವುದು ಕಮ್ಮಿ.

ಹಂತ 5: ಬೀಜವನ್ನು ಬರಕ್ಕೆ ತಯಾರು ಮಾಡಿ

ಖರ್ಚಿಲ್ಲದ ಕೆಲಸ, ಆದರೂ ಮಾಡುವವರು ಕಮ್ಮಿ. ಒಂದು ಕೆಜಿ ರಾಗಿಗೆ ಒಂದು ಲೀಟರ್ ನೀರು ಹಾಕಿ ಆರು ಗಂಟೆ ನೆನೆಸಿ. ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಗಂಟು ಕಟ್ಟಿ ಎರಡು ದಿನ ಇಡಿ. ಗಂಟು ಬಿಚ್ಚಿದಾಗ ಕಾಳಿನ ತುದಿಯಲ್ಲಿ ಬಿಳಿ ಚುಕ್ಕಿ ಕಾಣಬೇಕು, ಸೂಜಿಮೊನೆಯಷ್ಟು. ಅಷ್ಟಕ್ಕೇ ನಿಲ್ಲಿಸಿ. ಉದ್ದ ಮೊಳಕೆ ಬಂದರೆ ಕೆಟ್ಟಿತು. ಆಮೇಲೆ ನೆರಳಲ್ಲಿ ಒಣ ಬಟ್ಟೆ ಮೇಲೆ ತೆಳ್ಳಗೆ ಹರಡಿ ಎರಡು ದಿನ ಒಣಗಿಸಿ. ಬಿಸಿಲಿಗೆ ಇಡಲೇಬೇಡಿ. ಕೈಯಲ್ಲಿ ಹಿಡಿದರೆ ಮತ್ತೆ ಮೊದಲಿನಂತೆ ಸರಸರ ಜಾರಬೇಕು. ಹೀಗೆ ಮಾಡಿದ ಬೀಜ ಬೇಗ ಹುಟ್ಟುತ್ತದೆ, ನಡುವೆ ಮಳೆ ತಡವಾದರೆ ತಡೆದುಕೊಳ್ಳುತ್ತದೆ.

ಹಂತ 6: ನಡುವೆ ಮಳೆ ನಿಂತಾಗ

ಬಿತ್ತಿ ಮೂರು ವಾರಕ್ಕೆ ಹಲುಬೆ (ಹಲ್ಲುಗಳಿರುವ ಕುಂಟೆ) ಹೊಡೆದು ಪೈರು ತೆಳು ಮಾಡಿ. ಮಳೆ ನಿಂತರೆ ಸಾಲಿನ ನಡುವೆ ಎಡೆಕುಂಟೆ ಆಡಿಸಿ. ಮೇಲ್ಮಣ್ಣು ಪುಡಿಯಾದರೆ ಕೆಳಗಿನ ಹಸಿ ಬೇಗ ಆರುವುದಿಲ್ಲ. ಕಳೆ ಕಿತ್ತು ಸಾಲಿನ ನಡುವೆಯೇ ಮುಚ್ಚಿ. ಒಣ ನೆಲಕ್ಕೆ ಯೂರಿಯಾ ಚೆಲ್ಲಬೇಡಿ, ಮಳೆ ಬಂದ ಮೇಲೆ ಹಾಕಿ. ಮಳೆ ಬರದೇ ಹೋದರೆ ಆ ದುಡ್ಡಾದರೂ ಉಳಿಯುತ್ತದೆ. ಹೊಂಡದ ನೀರನ್ನು ಪೈರು ಬಾಡಿದ ಮೊದಲ ದಿನವೇ ಖಾಲಿ ಮಾಡಬೇಡಿ. ತೆನೆ ಹೊರಡುವ ಹೊತ್ತಿಗೆ ಇಟ್ಟುಕೊಳ್ಳಿ.

ಹಂತ 7: ವಿಮೆ ಮತ್ತು ಕಾಗದ

ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಬೆಳೆ, ಎಣ್ಣೆಕಾಳಿಗೆ ರೈತರು ಕಟ್ಟುವುದು ವಿಮಾ ಮೊತ್ತದ ಶೇ. 2, ಹಿಂಗಾರಿಗೆ ಶೇ. 1.5, ವಾಣಿಜ್ಯ ಮತ್ತು ತೋಟದ ಬೆಳೆಗೆ ಶೇ. 5. ರಾಗಿಗೆ ಎಕರೆಗೆ ಕೆಲವು ನೂರು ರೂಪಾಯಿ ಆಗುತ್ತದೆ. ಕೊನೆಯ ದಿನಾಂಕ ಬೆಳೆಯಿಂದ ಬೆಳೆಗೆ ಬೇರೆ. ರೈತ ಸಂಪರ್ಕ ಕೇಂದ್ರದ ಬೋರ್ಡ್ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಜನ ಎಡವುವ ಎರಡು ಕಡೆ ಹೇಳುತ್ತೇನೆ. ಮೊದಲನೆಯದು ಬೆಳೆ ಸಮೀಕ್ಷೆ, ಅಂದರೆ ಯಾವ ಹೊಲದಲ್ಲಿ ಯಾವ ಬೆಳೆ ಅಂತ ಸರ್ಕಾರದ ಆಪಿನಲ್ಲಿ ದಾಖಲಿಸುವುದು. ವಿಮೆ ಕಟ್ಟುವಾಗ ರಾಗಿ ಅಂತ ಬರೆಸಿ, ಸಮೀಕ್ಷೆ ಆಪಿನಲ್ಲಿ ನಿಮ್ಮ ಸರ್ವೆ ನಂಬರಿಗೆ ಬೇರೆ ಬೆಳೆ ದಾಖಲಾಗಿದ್ದರೆ ಪರಿಹಾರ ನಿಂತುಹೋಗಬಹುದು. ನೀವೇ ಹೊಲದಲ್ಲಿ ನಿಂತು ಫೋಟೋ ತೆಗೆದು ಹಾಕಿ. ಬೇರೆಯವರು ಹಾಕಿದ್ದರೆ ಏನು ಹಾಕಿದ್ದಾರೆ ಅಂತ ನೋಡಿ, ತಪ್ಪಿದ್ದರೆ ಆಕ್ಷೇಪಣೆ ಕೊಡಿ. ಎರಡನೆಯದು 72 ಗಂಟೆ. ಆಲಿಕಲ್ಲು ಬಿದ್ದರೆ, ಅಥವಾ ಕೊಯ್ದು ಹೊಲದಲ್ಲೇ ಒಣಗಲು ಬಿಟ್ಟ ಬೆಳೆ 14 ದಿನದೊಳಗೆ ಅಕಾಲಿಕ ಮಳೆಗೆ ಸಿಕ್ಕರೆ, 72 ಗಂಟೆಯೊಳಗೆ ತಿಳಿಸಬೇಕು. ಸಹಾಯವಾಣಿ 14447. 2021ರಲ್ಲಿ ನಾವು ಮೊಳಕೆ ಬಂದ ತೆನೆ ನೋಡಿಕೊಂಡು ನಾಲ್ಕು ದಿನ ಸುಮ್ನೆ ಕೂತೆವು. ಯಾರಿಗೆ ಹೇಳಬೇಕು ಅಂತಲೇ ಗೊತ್ತಿರಲಿಲ್ಲ. ಈಗ ಆ ನಂಬರು ನಮ್ಮ ಅಡುಗೆಮನೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿದೆ.

ರೈತರ ಗುರುತಿನ ಎಫ್ಐಡಿ ಸಂಖ್ಯೆ, ಪಹಣಿ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ, ಈ ಮೂರೂ ಒಂದೇ ಹೆಸರಿನಲ್ಲಿ ಸರಿಯಾಗಿವೆಯಾ ಅಂತ ಬೇಸಿಗೆಯಲ್ಲೇ ನೋಡಿ. ಪಹಣಿ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲಿದ್ದರೆ ಪೌತಿ ಖಾತೆ ಮಾಡಿಸಿ, ಅಂದರೆ ವಾರಸುದಾರರ ಹೆಸರಿಗೆ ಬದಲಾಯಿಸಿ. ಬರ ಪರಿಹಾರದಿಂದ ಬೆಂಬಲ ಬೆಲೆಯವರೆಗೆ ಎಲ್ಲದಕ್ಕೂ ಇದು ಬೇಕು. ರಾಗಿಗೆ 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ.

ಹಂತ 8: ಸಾಲದ ವಿಷಯದಲ್ಲಿ ಗಾಬರಿ ಬೀಳಬೇಡಿ

ಬರ ಬಿದ್ದ ವರ್ಷ ಬೋರ್‌ವೆಲ್ ಕೊರೆಸುವ ಆಸೆ ಬರುತ್ತದೆ. ನಮ್ಮ ಮನೆಯಲ್ಲಿ ಅಮ್ಮನ ಓಲೆ, ಸರ ಅಡವಿಟ್ಟು ಕೊರೆಸಿದರು. ರಾತ್ರಿಯಿಡೀ ಲಾರಿ ಸದ್ದು. ಬೆಳಗಾದಾಗ ಅಂಗಳದ ತುಂಬ ಬಿಳಿ ಕಲ್ಲುಪುಡಿ. ಅಪ್ಪ ಅದನ್ನು ಕೈಯಲ್ಲಿ ಹಿಡಿದು ಉಜ್ಜಿ ನೋಡುತ್ತಲೇ ಇದ್ದರು, ಎಲ್ಲಾದರೂ ಹಸಿ ಸಿಗುತ್ತದಾ ಅಂತ. ಬರದ ವರ್ಷ ಬೋರ್‌ವೆಲ್‌ಗೆ ಸಾಲ ಮಾಡಬೇಡಿ. ಇದು ನನ್ನ ಕೈಮುಗಿದ ಮಾತು.

ಬೆಳೆ ಸಾಲವನ್ನು ಸಹಕಾರ ಸಂಘದಲ್ಲಿ ತೆಗೆದುಕೊಳ್ಳಿ. ರಾಜ್ಯದಲ್ಲಿ 5 ಲಕ್ಷದವರೆಗಿನ ಅಲ್ಪಾವಧಿ ಸಾಲಕ್ಕೆ ಬಡ್ಡಿ ಇಲ್ಲ, ಹೇಳಿದ ದಿನದೊಳಗೆ ಕಟ್ಟಿದರೆ. ಸರ್ಕಾರ ಬರ ಘೋಷಿಸಿ, ಬೆಳೆ ನಷ್ಟವಾಗಿದ್ದರೆ ಬ್ಯಾಂಕಿನ ಬೆಳೆ ಸಾಲದ ಅವಧಿ ಬದಲಿಸಲು ರಿಸರ್ವ್ ಬ್ಯಾಂಕ್ ನಿಯಮದಲ್ಲಿ ದಾರಿ ಇದೆ. ನಾಚಿಕೊಂಡು ಬ್ಯಾಂಕಿನ ಕಡೆ ತಲೆ ಹಾಕದೆ ಇರಬೇಡಿ. ಕಂತು ತಪ್ಪುವ ಮುಂಚೆಯೇ ಹೋಗಿ ಅರ್ಜಿ ಬರೆದುಕೊಡಿ, ಸ್ವೀಕೃತಿ ಹಾಕಿಸಿಕೊಳ್ಳಿ. ಮನೆಯಲ್ಲಿ ಚಿನ್ನ ಇದ್ದರೆ ಬ್ಯಾಂಕಿನಲ್ಲಿ ಇಡಿ. ಮೀಟರ್ ಬಡ್ಡಿಯವರ ಹತ್ತಿರ ಮಾತ್ರ ಹೋಗಬೇಡಿ.

ಹಂತ 9: ಮನೆಯವರನ್ನು ನೋಡಿಕೊಳ್ಳಿ

ಇದನ್ನು ಕೊನೆಯ ಹತ್ತಿರ ಬರೆದಿದ್ದೇನೆ ಅಂತ ಚಿಕ್ಕದು ಅಂದುಕೊಳ್ಳಬೇಡಿ. ಬೆಳೆ ಹೋದಾಗ ಮನೆಯ ಯಜಮಾನ ಮಾತು ಕಮ್ಮಿ ಮಾಡುತ್ತಾನೆ. ರಾತ್ರಿ ಎದ್ದು ಅಂಗಳದಲ್ಲಿ ಓಡಾಡುತ್ತಾನೆ. ಊಟ ಮಾಡಿದ್ದೇನೆ ಅನ್ನುತ್ತಾನೆ, ಮಾಡಿರುವುದಿಲ್ಲ. ‘ನಾನಿಲ್ಲದಿದ್ದರೂ ನೀವು ಹೇಗೋ ನಡೆಸ್ಕೊಂಡು ಹೋಗ್ತೀರ’ ಅನ್ನುವಂಥ ಮಾತು ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಪಕ್ಕ ಕೂತು ನೇರವಾಗಿ ಕೇಳಿ: ‘ಅಪ್ಪಾ, ಜೀವಕ್ಕೆ ಏನಾದ್ರೂ ಮಾಡ್ಕೋಬೇಕು ಅನ್ನಿಸ್ತಾ ಇದೆಯಾ?’ ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನುವುದು ಸುಳ್ಳು. ಕೇಳಿದರೆ ಎದೆ ಭಾರ ಇಳಿಯುತ್ತದೆ. ಅವರನ್ನು ಒಬ್ಬರೇ ಬಿಡಬೇಡಿ. ಬೆಳೆಗೆ ಹೊಡೆಯುವ ಔಷಧಿ ಡಬ್ಬಗಳನ್ನು ಮನೆಯಿಂದ ಆಚೆ, ಬೀಗ ಹಾಕಿದ ಕಡೆ ಇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಬೆಂಗಳೂರಿನಲ್ಲಿರುವ ಮಕ್ಕಳಿಗೆ ಒಂದು ಮಾತು. ದುಡ್ಡು ಕಳಿಸುವುದು ಒಳ್ಳೆಯದೇ. ಅದರ ಜೊತೆಗೆ ಬಿತ್ತನೆ ದಿನ, ಕೊಯ್ಲಿನ ದಿನ ಊರಿಗೆ ಬನ್ನಿ. ‘ಮಳೆ ಹೆಂಗಿದೆ’ ಅಂತ ಕೇಳಿದಾಗ ಅಪ್ಪ ‘ಪರವಾಗಿಲ್ಲ’ ಅಂದರೆ ಅಲ್ಲಿಗೆ ಬಿಡಬೇಡಿ. ಎಷ್ಟು ಸಾಲು ಹುಟ್ಟಿದೆ, ಮೆದೆಯಲ್ಲಿ ಹುಲ್ಲು ಎಷ್ಟಿದೆ, ಸಂಘದ ಕಂತು ಯಾವತ್ತು ಅಂತ ಬಿಡಿಸಿ ಕೇಳಿ. ಬಿಡಿಸಿ ಕೇಳಿದರೆ ಬಿಡಿಸಿ ಹೇಳುತ್ತಾರೆ.

ಹಂತ 10: ಕೊಯ್ಲು, ಆಮೇಲೆ ಬೀಜ

ಕೊಯ್ಲಿಗೆ ಎರಡು ದಿನ ಮುಂಚೆ ವರುಣ ಮಿತ್ರಕ್ಕೆ ಮತ್ತೆ ಫೋನ್ ಮಾಡಿ. ಮಳೆ ಸೂಚನೆ ಇದ್ದರೆ ಪೂರ್ತಿ ಹೊಲ ಒಂದೇ ದಿನ ಕೊಯ್ದು ಹಾಸಬೇಡಿ. ಒಂದು ಟಾರ್ಪಾಲ್ ಮನೆಯಲ್ಲಿ ಇರಲೇಬೇಕು. ಊರಲ್ಲಿ ನಾಲ್ಕು ಮನೆ ಸೇರಿ ದೊಡ್ಡದೊಂದು ಕೊಂಡರೂ ಆಗುತ್ತದೆ. ತಳದಲ್ಲಿ ಕಲ್ಲು, ಕಡ್ಡಿ ಹಾಸಿ ಅದರ ಮೇಲೆ ಗುಡ್ಡೆ ಹಾಕಿ. ಮಳೆ ನೀರು ಅಡಿಯಿಂದ ಹೊಕ್ಕರೆ ಮೇಲೆ ಎಷ್ಟು ಮುಚ್ಚಿದರೂ ಉಪಯೋಗವಿಲ್ಲ.

ಒಕ್ಕಣೆಗೆ ಮುಂಚೆ ಬೀಜದ ತೆನೆ ಆರಿಸಿ. ಆ ವರ್ಷ ಕಷ್ಟಪಟ್ಟು ನಿಂತ ಗಿಡಗಳನ್ನೇ ನೋಡಿ. ನೀರು ನಿಲ್ಲುವ ತಗ್ಗಿನಲ್ಲಿ ಸೊಂಪಾಗಿ ಬೆಳೆದವನ್ನು ಬಿಟ್ಟು, ದಿಬ್ಬದ ಮೇಲೆ ಒಣಗಾಳಿಗೆ ಸಿಕ್ಕಿಯೂ ತುಂಬು ತೆನೆ ಕೊಟ್ಟವನ್ನು ಕಿತ್ತುಕೊಳ್ಳಿ. ಬೇರೆಯಾಗಿ ಬಡಿದು, ಒಣಗಿಸಿ, ಬೇವಿನ ಸೊಪ್ಪು ಹಾಕಿ ಕಟ್ಟಿ. ಗಂಟಿನ ಮೇಲೆ ತಳಿ ಹೆಸರು, ಯಾವ ಹೊಲ, ಯಾವ ಮಳೆಗೆ ಬಿತ್ತಿದ್ದು ಅಂತ ಚೀಟಿ ಬರೆದು ಕಟ್ಟಿ. ನಮ್ಮ ಅಟ್ಟದ ಮೇಲೆ ಈಗ ಮೂರು ಗಂಟು ತೂಗುತ್ತಿವೆ. ಒಂದರ ಚೀಟಿಯಲ್ಲಿ ಅಮ್ಮನ ಕೈಬರಹ: ‘2023, ದಿಬ್ಬದ ಹೊಲ, ಮಘೆ ಮಳೆಗೆ ನಾಟಿ.’